ಕುಚ್ಚಲಕ್ಕಿ ‘ತುಂಬಿದ’ ವಾರ

ನಮ್ಮ ಅಂಗಡಿಗೂ ಅಡುಗೆಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಆ ಗೋಡೆಯಲ್ಲಿ, ನನ್ನ ಆಗಿನ ಎತ್ತರಕ್ಕೆ ಸರಿಯಾಗಿ ಕಣ್ಣಿನ ಮಟ್ಟದಲ್ಲಿ, ಬಾಗಿಲಿಲ್ಲದ ಒಂದು ಕಂಡಿ ಇತ್ತು. ಅಮ್ಮ ಮಾಡಿದ ಚಹಾ ಅದರ ಮೂಲಕ ಅಂಗಡಿಗೆ ಹೋಗುತ್ತಿತ್ತು. ಅಂಗಡಿಯ ಸಾಸಿವೆ, ಬೆಲ್ಲ, ಬೆಂಕಿಪೊಟ್ಟಣ ಅದರ ಮೂಲಕವೇ ಅಡುಗೆಮನೆಗೆ ಬರುತ್ತಿದ್ದವು. ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಮೂರು ಮಾಳಿಗೆಯ ಕಟ್ಟಡವೊಂದರ ನೆಲಮಹಡಿ ಅದು. ರಸ್ತೆಯ ಕಡೆಗೆ ಕಿರಾಣಿ ಅಂಗಡಿ, ಅದರ ಹಿಂದೆ ಅಡುಗೆಮನೆ, ಅದರ ಹಿಂದೆ ಒಂದು ಕೋಣೆ. ಆ ಕೋಣೆಯಲ್ಲಿ ಅಪ್ಪ, ಅಮ್ಮ, ನಾನು ಮಲಗುತ್ತಿದ್ದೆವು. ಅಪ್ಪನ ತಮ್ಮ, ಇನ್ನೂ ಮದುವೆಯಾಗಿರದ ಸದಾನಂದ ಚಿಕ್ಕಪ್ಪ, ಅಂಗಡಿಯ ಅಟ್ಟದ ಮೇಲೆ ಸಾಬೂನಿನ ಪೆಟ್ಟಿಗೆಗಳ ಪಕ್ಕ ಮಲಗುತ್ತಿದ್ದ. ಹಾಗಾಗಿ ಸ್ನಾನಕ್ಕೆ ಮೊದಲೂ ಅವನ ಮೈಯಿಂದ ಸೋಪಿನ ವಾಸನೆ ಬರುತ್ತಿತ್ತು. ಇದನ್ನೆಲ್ಲ ಬರೆಯುವಾಗ ನನ್ನ ಕೈ ಎಲ್ಲಿಯೂ ತಡೆಯುವುದಿಲ್ಲ. ಅನುಮಾನ ಹುಟ್ಟುವುದು ಅದಕ್ಕೇ. ಜನರ ಹೇಳಿಕೆಗಳನ್ನು ಹೇಗೆ ಪರೀಕ್ಷಿಸಬೇಕು ಎಂದು ವಿಶ್ವವಿದ್ಯಾಲಯದಲ್ಲಿ ಕಲಿತು, ಅದನ್ನೇ ಇತರರಿಗೆ ಕಲಿಸುತ್ತ ಇಷ್ಟು ವರ್ಷ ಕಳೆದವನು ನಾನು. ಕಳೆದ ವರ್ಷ ಆ ಕಟ್ಟಡದ ಮುಂದೆ ನಿಂತು ಹೆಜ್ಜೆಯಿಂದ ಅಳೆದೆ. ನನ್ನ ನೆನಪಿನಲ್ಲಿರುವ ಅಂಗಡಿ, ಅಡುಗೆಮನೆ, ಕೋಣೆ ಮೂರೂ ಅಷ್ಟು ಜಾಗದಲ್ಲಿ ಹಿಡಿಸುವುದಿಲ್ಲ. ಯಾವುದೋ ಒಂದನ್ನು ನಾನು ದೊಡ್ಡದು ಮಾಡಿಕೊಂಡಿದ್ದೇನೆ. ಯಾವುದನ್ನು ಎಂದು ಗೊತ್ತಿಲ್ಲ.

ಬಹುಶಃ ಅಡುಗೆಮನೆಯನ್ನು. ನನ್ನ ಬಾಲ್ಯವೆಲ್ಲ ನಡೆದದ್ದು ಅಲ್ಲಿಯೇ. ಓದುವುದು, ಊಟ ಮಾಡುವುದು, ಪೆಟ್ಟು ತಿನ್ನುವುದು, ಎಲ್ಲ. ಒಂದು ಬದಿಗೆ ಸೀಮೆಎಣ್ಣೆಯ ಸ್ಟೌ, ಆಮೇಲೆ ಗ್ಯಾಸು. ಇನ್ನೊಂದು ಬದಿಗೆ ಅಂಗಡಿಯಲ್ಲಿ ಹಿಡಿಸದೆ ಒಳಗೆ ಬಂದ ಮೂಟೆಗಳು. ಬ್ಯಾಡಗಿ ಮೆಣಸಿನ ಚೀಲ ಬಿಚ್ಚಿದ ದಿನ ನಾವು ನಾಲ್ವರೂ ಸೀನುತ್ತಲೇ ಊಟ ಮಾಡುತ್ತಿದ್ದೆವು. ನಮ್ಮ ಮಂಗಳೂರು ಕಡೆಯವರು ಮುಂಬಯಿಗೆ ಬಂದರೆ ಹೋಟೆಲು ಇಡುತ್ತಾರೆ. ಅಪ್ಪ ಮಾತ್ರ ಉದ್ದಿನಬೇಳೆ ರುಬ್ಬುವುದಕ್ಕಿಂತ ಮಾರುವುದು ಸುಖ ಎಂದು ಕಿರಾಣಿಗೆ ಇಳಿದವನು. ಮೈಸೂರುಬೇಳೆಗೆ, ಪೋಹೆ ಎಂದು ಅವರು ಕರೆಯುವ ಅವಲಕ್ಕಿಗೆ ಮರಾಠಿ ಗಿರಾಕಿಗಳು ಬರುತ್ತಿದ್ದರು. ಬಿಳಿಜೋಳಕ್ಕೆ ವಿಜಯಪುರ, ಕಲಬುರಗಿ ಕಡೆಯ ಹಮಾಲರು ಬರುತ್ತಿದ್ದರು. ನಮ್ಮ ಊರಿನವರು ಬರುತ್ತಿದ್ದದ್ದು ಕೆಂಪು ಕುಚ್ಚಲಕ್ಕಿಗೆ. ಕೌಂಟರಿನ ಆಚೆ ಅವರು, ಈಚೆ ಅಪ್ಪ. ಏನು ಬೇಕೆಂದು ಹೇಳುವುದು ಅವರ ಕೆಲಸ. ತೆಗೆದು, ತೂಗಿ, ಪೇಪರಿನಲ್ಲಿ ಕಟ್ಟಿ ಕೊಡುವುದು ಅಪ್ಪನದು. ಕಂಡಿಯ ಮೂಲಕ ನೋಡಿದರೆ ಗಿರಾಕಿಗಳಿಗೆ ನಮ್ಮ ಒಲೆ ಕಾಣುತ್ತಿತ್ತು. “ವಹಿನಿ, ಇವತ್ತು ಬಂಗುಡೆಯಾ?” ಎಂದು ಅವರು ಅಮ್ಮನನ್ನು ಮರಾಠಿಯಲ್ಲಿ ಅತ್ತಿಗೆ ಎಂದು ಕರೆದು ಅಲ್ಲಿಂದಲೇ ಕೇಳುತ್ತಿದ್ದರು. ಅಮ್ಮ ನಗುತ್ತಿದ್ದಳು. ಊಟಕ್ಕೆ ಅವಳು ಕಂಡಿಗೆ ಬೆನ್ನು ಹಾಕಿ, ಕಟ್ಟೆಗೆ ಒರಗಿ, ನಿಂತೇ ಉಣ್ಣುತ್ತಿದ್ದಳು. ನನ್ನ ನೆನಪಿನಲ್ಲಿ ಅಮ್ಮ ಆ ಅಡುಗೆಮನೆಯಲ್ಲಿ ಸುಖವಾಗಿದ್ದಳು. ಈ ವಾಕ್ಯಕ್ಕೆ ನನ್ನ ಬಳಿ ಬೇರೆ ಯಾವ ಆಧಾರವೂ ಇಲ್ಲ.

ಅಮ್ಮ ಕುಂದಾಪುರದ ಕಡೆಯವಳು. ಅವಳಿಂದಾಗಿಯೇ ನಮ್ಮ ಮನೆಯ ಮಾತು ಕನ್ನಡವಾಯಿತು. ಅಪ್ಪ, ಚಿಕ್ಕಪ್ಪ ಇಬ್ಬರೇ ಇದ್ದಾಗ ಮಾತ್ರ ತುಳು ಆಡುತ್ತಿದ್ದರು. ಅವಳು ತವರಿನಿಂದ ಒಂದು ನಿಯಮ ತಂದಿದ್ದಳು. ಅಕ್ಕಿ, ಉಪ್ಪು, ತೆಂಗಿನಕಾಯಿ, ದೀಪದ ಎಣ್ಣೆ, ಈ ನಾಲ್ಕಕ್ಕೆ ‘ಇಲ್ಲ’ ಎನ್ನಬಾರದು. ಡಬ್ಬಿಯ ತಳ ಕಂಡರೂ ‘ತುಂಬಿದೆ’ ಎನ್ನಬೇಕು. ಅಪ್ಪನಿಗೆ ಇದು ಬಹಳ ಹಿಡಿಸಿತು. ಅಂಗಡಿ ಇಟ್ಟವನ ಬಾಯಲ್ಲಿ ‘ಇಲ್ಲ’ ಬರಬಾರದು ಎಂಬುದು ಅವನಿಗೆ ಮೊದಲೇ ಇದ್ದ ಭಯ. ಅಮ್ಮನ ಮಾತು ಆ ಭಯಕ್ಕೆ ಒಂದು ಶಿಸ್ತು ಕೊಟ್ಟಿತು. ನಮ್ಮ ಅಂಗಡಿಗೆ ಬರುವ ಊರಿನ ಹೆಂಗಸರು ಇದನ್ನು ಕಲಿತುಕೊಂಡಿದ್ದರು. ಅಪ್ಪ ‘ತುಂಬಿದೆ’ ಎಂದರೆ ಚೀಲ ಮಡಚಿಕೊಂಡು, ನಾಡಿದ್ದು ಬರುತ್ತೇವೆ ಎಂದು ಹೋಗುತ್ತಿದ್ದರು. ಎದುರು ಬಿಲ್ಡಿಂಗಿನ ಲೀಲಕ್ಕ ಮಾತ್ರ ಪ್ರತಿ ಸಲ ತಮಾಷೆ ಮಾಡುತ್ತಿದ್ದಳು.

“ತುಂಬಿದ್ರೆ ಕೊಡಿ ಮಾರಾಯ್ರೆ, ಚೆಲ್ಲಿಹೋದೀತು.”

“ನಾಡಿದ್ದು ಖಾಲಿಯಾಗ್ತದೆ ಲೀಲಕ್ಕ, ಆಗ ಬನ್ನಿ, ಕೊಡ್ತೇನೆ.”

ನನಗೆ ಇದು ಭಾಷೆ ಎಂದರೇನು ಎಂಬುದರ ಮೊದಲ ಪಾಠ. ಒಂದು ಶಬ್ದಕ್ಕೆ ಅದರ ವಿರುದ್ಧದ ಅರ್ಥವನ್ನೂ ಹೊರಿಸಬಹುದು, ಕೇಳುವವನು ಒಳಗಿನವನಾಗಿದ್ದರೆ ಸಾಕು. ಚಿಕ್ಕಪ್ಪ ಪೂರ್ತಿ ಒಳಗಿನವನಲ್ಲ. ಐದನೇ ವಯಸ್ಸಿಗೆ ಊರು ಬಿಟ್ಟು ಅಣ್ಣನ ಜೊತೆ ಬಂದು, ಇಲ್ಲಿನ ಮರಾಠಿ ಶಾಲೆಯಲ್ಲಿ ಓದಿದವನು. ಅಮ್ಮನ ನಾಲ್ಕು ವಸ್ತುಗಳ ನಿಯಮ ಅವನಿಗೆ ಒಂದು ದಿನ ನೆನಪಿದ್ದರೆ ಇನ್ನೊಂದು ದಿನ ಇರುತ್ತಿರಲಿಲ್ಲ. ವಾರಕ್ಕೊಮ್ಮೆ ವಾಶಿಯ ಸಗಟು ಮಾರ್ಕೆಟ್ಟಿಗೆ ಟೆಂಪೋ ತೆಗೆದುಕೊಂಡು ಹೋಗಿ ಮಾಲು ತರುವುದು ಅವನ ಕೆಲಸ. ಮಂಗಳೂರಿನಿಂದ ಕುಚ್ಚಲಕ್ಕಿಯ ಲಾರಿ ಅಲ್ಲಿಗೆ ಬರುತ್ತಿದ್ದದ್ದೂ ವಾರಕ್ಕೆ ಒಂದೇ ದಿನ. ಆ ದಿನ ತಪ್ಪಿದರೆ ಮುಂದಿನ ವಾರದವರೆಗೆ ಕಾಯಬೇಕು.

ನಾನು ಹೇಳಹೊರಟಿರುವ ವಾರಕ್ಕೆ ಸ್ವಲ್ಪ ಮೊದಲು ಹಿಂದಿನ ಗಲ್ಲಿಯಲ್ಲಿ ಹೊಸ ಅಂಗಡಿ ತೆರೆಯಿತು. ಕೌಂಟರೇ ಇಲ್ಲದ ಅಂಗಡಿ. ಬಾಗಿಲಲ್ಲಿ ಬುಟ್ಟಿ ಕೊಡುತ್ತಾರೆ, ಒಳಗೆ ಹೋಗಿ ಬೇಕಾದ್ದನ್ನು ನೀವೇ ತೆಗೆದುಕೊಳ್ಳಬೇಕು. ಈಗ ಇದನ್ನು ವಿವರಿಸುವುದೇ ವಿಚಿತ್ರ. ಆಗ ನಮ್ಮ ಗಲ್ಲಿಯ ಜನ ಮೊದಲ ದಿನ ಒಳಗೆ ಹೋಗಿ ಕೈಕಟ್ಟಿ ನಿಂತು, ಯಾರಾದರೂ ಬಂದು ಕೇಳಲಿ ಎಂದು ಕಾದಿದ್ದರಂತೆ. ನಮ್ಮಲ್ಲಿಗೆ ಮೂಟೆ ಇಳಿಸಲು ಬರುತ್ತಿದ್ದ ಶರಣಪ್ಪ ಒಂದೇ ಸಲ ಅಲ್ಲಿಗೆ ಹೋಗಿ ಬಂದ.

“ಬಾಗಲ್ದಾಗ ನಿಂತಾಂವ ನನ್ನ ಚೀಲ ಇಸ್ಕೊಂಡಾನ್ರಿ ಸೇಠ. ಒಳಗ ಹೋಗಾಕ ಚೀಲ ಬಿಟ್ಟು ಹೋಗ್ಬೇಕಂತ. ಎಲ್ಲಾನೂ ಮುಟ್ಟು ಅಂತಾರ, ಮತ್ತ ಕಳ್ಳನ್ನ ನೋಡಿದಂಗ ನೋಡ್ತಾರ.”

“ಜೋಳ ಉಂಟಾ ಅಲ್ಲಿ?” ಅಪ್ಪ ಕೇಳಿದ.

“ಜ್ವಾಳ ಎಲ್ಲೀದ್ರೀ. ಡಬ್ಬ್ಯಾಗ ಜ್ವಾಳದ ಚುರುಮುರಿ ಅಂಥಾದ್ದೇನೋ ಐತಿ, ಹಾಲಾಗ ಹಾಕ್ಕೊಂಡು ತಿನ್ನೂದಂತ.”

ಅಪ್ಪ ಆ ದಿನ ಬಹಳ ನಕ್ಕ. ಚಿಕ್ಕಪ್ಪ ನಗಲಿಲ್ಲ. ಅವನು ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಒಂದು ನಕ್ಷೆ ಬರೆದಿದ್ದ. ಕೌಂಟರು ತೆಗೆಯುವುದು, ಕಂಡಿಯ ಗೋಡೆ ಒಡೆಯುವುದು, ಅಡುಗೆಮನೆಯನ್ನೂ ಕೋಣೆಯನ್ನೂ ಅಂಗಡಿಗೆ ಸೇರಿಸಿ ಸಾಲಾಗಿ ರ್‍ಯಾಕು ಹಾಕುವುದು. ನಾವು ಹಿಂದಿನ ಬಿಲ್ಡಿಂಗಿನ ಎರಡನೇ ಮಾಳಿಗೆಯಲ್ಲಿ ಬಾಡಿಗೆಗೆ ಹೋಗುವುದು. ಊಟದ ಹೊತ್ತಿಗೆ ಅವನು ಅದನ್ನು ಅಪ್ಪನ ತಟ್ಟೆಯ ಪಕ್ಕ ಹರಡಿದ.

“ಅಣ್ಣ, ಜಮಾನಾ ಬದಲಾಯ್ತು. ಜನಕ್ಕೆ ಕೈಯಿಂದ ಮುಟ್ಟಿ ನೋಡಿ ತಗೊಳ್ಬೇಕು.”

“ಮುಟ್ಟಿ ನೋಡ್ಲಿಕ್ಕೆ ತೊಗರಿಬೇಳೆಗೆ ಎಂತ ಜ್ವರ ಬಂದಿದೆಯಾ?”

“ತಮಾಷೆ ಅಲ್ಲ. ಆರು ತಿಂಗಳಲ್ಲಿ ಎಲ್ಲ ಗಿರಾಕಿ ಅಲ್ಲಿ ಹೋಗ್ತಾರೆ.”

“ಪೋಹೆಯವರು ಹೋಗ್ತಾರೆ, ಹೋಗ್ಲಿ. ನಮ್ಮವರು ಎಲ್ಲಿಗೆ ಹೋಗ್ತಾರೆ? ಗಂಜಿಗೆ ಕುಚ್ಚಲಕ್ಕಿ ಅವನು ಎಲ್ಲಿಂದ ತರ್ತಾನೆ? ಆ ಅಕ್ಕಿ ನನ್ನ ಹತ್ರ ಇರುವವರೆಗೆ ಈ ಗೋಡೆ ಇರ್ತದೆ. ಇವಳ ಅಡುಗೆಮನೆ ಒಡೆದು ಅಲ್ಲಿ ಸೋಪು ಇಡುವುದಾ? ನಾಚಿಕೆ ಇಲ್ವಾ ನಿನಗೆ?”

ಅಮ್ಮ ಅವರಿಬ್ಬರ ತಟ್ಟೆಗಳಿಗೂ ಸಾರು ಬಡಿಸಿದಳು. ನಕ್ಷೆಯ ಮೇಲೆ ಒಂದು ಹನಿ ಬಿತ್ತು. ಚಿಕ್ಕಪ್ಪ ಅದನ್ನು ಬೆರಳಿನಿಂದ ಒರೆಸಿದ. ನನಗೆ ಆಗ ಹತ್ತು ವರ್ಷ. ಅಡುಗೆಮನೆ ಹೋಗುತ್ತದೆಯೋ ಉಳಿಯುತ್ತದೆಯೋ ಎಂಬುದಲ್ಲದೆ ಜಗತ್ತಿನಲ್ಲಿ ಇನ್ನೊಂದು ಪ್ರಶ್ನೆ ಇರಲಿಲ್ಲ. ಅದು ಉಳಿಯುವುದು ಅಕ್ಕಿಯಿಂದ ಎಂದು ಅಪ್ಪ ಹೇಳಿದ್ದ. ನಾನು ಶಾಲೆಯಿಂದ ಬಂದವನೇ ಅಂಗಡಿಗೆ ಹೋಗಿ ಕುಚ್ಚಲಕ್ಕಿಯ ಚೀಲಗಳನ್ನು ಮುಟ್ಟಿ ನೋಡಿ ಬರುತ್ತಿದ್ದೆ.

ಇನ್ನು ಆ ಫೋನು. ಅದು ಕಂಡಿಯ ದಂಡೆಯ ಮೇಲೆ ಇತ್ತು, ಎರಡೂ ಕಡೆಯಿಂದ ಎತ್ತಲು ಅನುಕೂಲವಾಗುವಂತೆ. ಮಧ್ಯಾಹ್ನದ ಹೊತ್ತು. ಅಪ್ಪ ಹೊರಗೆ ಯಾರದೋ ಜೊತೆ ಮಾತಾಡುತ್ತಿದ್ದ. ಅಮ್ಮ ನೆಲದ ಮೇಲೆ ಕೂತು ಕಾಯಿ ತುರಿಯುತ್ತಿದ್ದಳು. ಫೋನು ರಿಂಗಾಯಿತು, ನಾನು ಎತ್ತಿದೆ. ವಾಶಿಯಿಂದ ಚಿಕ್ಕಪ್ಪ. ಹಿಂದೆ ಮಾರ್ಕೆಟ್ಟಿನ ಗದ್ದಲ.

“ಕುಚ್ಚಲಕ್ಕಿ ಉಂಟಾ? ಬೇಗ ಹೇಳು, ಲಾರಿ ಖಾಲಿ ಮಾಡ್ತಾ ಇದ್ದಾರೆ.”

ನಾನು ಬೆಳಿಗ್ಗೆಯೇ ನೋಡಿದ್ದೆ. ಕೊನೆಯ ಚೀಲ, ಅದರಲ್ಲಿ ಎರಡು ಮೂರು ಸೇರು.

“ತುಂಬಿದೆ.”

“ಸರಿ ಹಾಗಾದ್ರೆ.” ಫೋನು ಕಟ್ಟಾಯಿತು.

ನಾನು ಅದನ್ನು ದಂಡೆಯ ಮೇಲಿಟ್ಟು ಲೆಕ್ಕದ ಮನೆಪಾಠಕ್ಕೆ ಕೂತೆ. ಸರಿಯಾದ ಶಬ್ದ ಸರಿಯಾದ ಸಮಯಕ್ಕೆ ಬಾಯಿಗೆ ಬಂತು ಎಂಬ ಸಣ್ಣ ಹೆಮ್ಮೆ ಇತ್ತು. ಸಂಜೆ ಟೆಂಪೋ ಬಂತು. ಸಕ್ಕರೆ, ಶೇಂಗಾ, ಎಣ್ಣೆಯ ಡಬ್ಬಗಳು ಇಳಿದವು. ಶರಣಪ್ಪ ಕೈ ಝಾಡಿಸಿ ನಿಂತ. ಅಪ್ಪ ಟೆಂಪೋದ ಒಳಗೆ ಬಗ್ಗಿ ನೋಡಿದ.

“ಅಕ್ಕಿ ಎಲ್ಲಿ ಸದಾ?”

“ತುಂಬಿದೆ ಅಂತ ಹೇಳಿದ್ರಲ್ಲ ಮನೆಯಿಂದ.”

ಯಾರು ಹೇಳಿದ್ದು ಎಂದು ಅಪ್ಪ ಕೇಳಲಿಲ್ಲ. ಟೆಂಪೋದ ಹಲಗೆ ಎತ್ತಿ ಕೊಂಡಿ ಹಾಕಿದ. ನಾನು ಪೆಟ್ಟಿಗಾಗಿ ಕಾದೆ. ಆ ದಿನ ಬರಲಿಲ್ಲ, ಮರುದಿನವೂ ಬರಲಿಲ್ಲ. ನಾಲ್ಕನೆಯ ದಿನದ ಹೊತ್ತಿಗೆ ಕಾಯುವುದು ನನ್ನ ಒಂದು ಅಂಗದಂತೆ ಆಗಿತ್ತು. ಅದು ಇದೆ ಎಂಬುದೇ ಮರೆತುಹೋಗಿತ್ತು.

ಅದೇ ವಾರ ಹೊಸ ಅಂಗಡಿಯವನು ಬಾಗಿಲಿನ ಹತ್ತಿರವೇ ಐದೈದು ಕಿಲೋದ ಕುಚ್ಚಲಕ್ಕಿಯ ಚೀಲಗಳನ್ನು ಗೋಪುರದ ಹಾಗೆ ಪೇರಿಸಿಟ್ಟ. ಮಂಗಳೂರಿನದೇ. ಮೇಲೆ ಪ್ಲಾಸ್ಟಿಕ್ಕಿನ ಕಿಟಕಿ, ಅದರೊಳಗೆ ಕೆಂಪು ಅಕ್ಕಿ. ಇದು ಅದೇ ವಾರವೇ ಆಗಿತ್ತೇ ಎಂದು ಈಗ ಯಾರಾದರೂ ಕೇಳಿದರೆ ನಾನು ಪ್ರಮಾಣ ಮಾಡಿ ಹೇಳಲಾರೆ. ಕಥೆ ಕಟ್ಟುವ ಮನಸ್ಸು ಎರಡು ವಾರಗಳನ್ನು ಸುಲಭವಾಗಿ ಒಂದು ಮಾಡುತ್ತದೆ. ಆದರೆ ನಮ್ಮ ಕೌಂಟರಿನ ಮುಂದೆ ನಡೆದದ್ದು ನೆನಪಿದೆ. ಮೊದಲ ದಿನ ಅಪ್ಪ ‘ತುಂಬಿದೆ’ ಎಂದಾಗ ಹೆಂಗಸರು ಎಂದಿನಂತೆ ಚೀಲ ಮಡಚಿದರು. ಮೂರನೆಯ ದಿನ ಲೀಲಕ್ಕ ಬಂದಳು.

“ಇನ್ನೂ ತುಂಬಿಯೇ ಉಂಟಾ?”

“ಶುಕ್ರವಾರ ಬರ್ತದೆ ಲೀಲಕ್ಕ.”

“ಶುಕ್ರವಾರದವರೆಗೆ ಚಪಾತಿ ತಿನ್ನಿಸಿದ್ರೆ ನಮ್ಮವರು ಊರಿಗೆ ಓಡ್ತಾರೆ.” ಅವಳು ನಗುತ್ತಲೇ ಹಿಂದಿನ ಗಲ್ಲಿಯ ಕಡೆ ತಿರುಗಿದಳು. ವಾಪಸು ಬರುವಾಗ ಚೀಲವನ್ನು ಸೆರಗಿನ ಕೆಳಗೆ ಇಟ್ಟುಕೊಂಡು ನಮ್ಮ ಅಂಗಡಿಯ ಎದುರು ಬೇಗ ಬೇಗ ದಾಟಿದಳು. ಐದು ಕಿಲೋದ ಚೀಲ ಸೆರಗಿನಲ್ಲಿ ಮುಚ್ಚುವಂಥದ್ದಲ್ಲ. ಅಪ್ಪ ಆಗ ತಕ್ಕಡಿಯ ತಟ್ಟೆ ಒರೆಸುತ್ತಿದ್ದ, ಆ ಕಡೆ ನೋಡಲಿಲ್ಲ. ಶುಕ್ರವಾರ ನಮ್ಮ ಅಕ್ಕಿ ಬಂತು. ಅಕ್ಕಿ ಕೇಳಲು ಬಂದವರು ಇಬ್ಬರು. ಉಳಿದವರು ಹೊಸ ಅಂಗಡಿಯಲ್ಲಿ ಅಕ್ಕಿಯ ಜೊತೆ ಸೋಪು, ಸೋಪಿನ ಜೊತೆ ಬಿಸ್ಕತ್ತು ತೆಗೆದುಕೊಳ್ಳುವುದನ್ನು ಕಲಿತಿದ್ದರು. ಮುಂದಿನ ಸೋಮವಾರ ಊಟದ ಹೊತ್ತಿಗೆ ಅಪ್ಪನೇ ಕೇಳಿದ:

“ಆ ಕಾಗದ ಎಲ್ಲಿಟ್ಟಿದ್ದಿ ಸದಾ?”

ಗೋಡೆ ಒಡೆಯಲು ಒಂದು ದಿನವೂ ಬೇಕಾಗಲಿಲ್ಲ. ಶರಣಪ್ಪ ಮತ್ತು ಅವನ ಊರಿನ ಇನ್ನೊಬ್ಬ ಸುತ್ತಿಗೆ ಹಿಡಿದು ಬಂದರು. ಕಂಡಿಯಿಂದ ಶುರು ಮಾಡಿದರೆ ಸುಲಭ ಎಂದರು, ಅಲ್ಲಿಂದಲೇ ಶುರು ಮಾಡಿದರು. ಅಮ್ಮ ಹಿಂದಿನ ದಿನವೇ ಪಾತ್ರೆಗಳನ್ನು ಗೋಣಿಯಲ್ಲಿ ಕಟ್ಟಿ ಎರಡನೇ ಮಾಳಿಗೆಗೆ ಸಾಗಿಸಿದ್ದಳು. ಅಲ್ಲಿನ ಅಡುಗೆಮನೆ ಚಿಕ್ಕದು, ಬಾಗಿಲಿತ್ತು. ಮೊದಲ ದಿನ ಅವಳು ಆ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಒಳಗೆ ಇದ್ದಳು. ಅಳುತ್ತಿದ್ದಾಳೆ ಎಂದುಕೊಂಡೆ. ನಾನು ಹೊರಗೆ ಪುಸ್ತಕ ಬಿಚ್ಚಿ ಕೂತೆ. ನನಗೂ ಅಳು ಬರಬೇಕಿತ್ತು, ಬರಲಿಲ್ಲ. ಅಲ್ಲಿಂದ ಮುಂದೆ ಮನೆ ಎಂಬುದು ಮಲಗುವ ಜಾಗವಾಯಿತು. ಅಪ್ಪ ಅಂಗಡಿಯಿಂದ ಊಟಕ್ಕೆ ಮೇಲೆ ಬರುತ್ತಿದ್ದ, ಉಂಡು ಇಳಿಯುತ್ತಿದ್ದ. ಕೆಳಗೆ ಅವನು ಬಾಗಿಲಿನ ಪಕ್ಕದ ಕುರ್ಚಿಯಲ್ಲಿ ಕೂತು, ಬರುವವರ ಚೀಲಗಳನ್ನು ಇಸ್ಕೊಂಡು ಇಡುತ್ತಿದ್ದ. ಏನು ಬೇಕು ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ.

ನಾನು ಏನಾದೆನೋ ಅದು ಆ ಒಂದು ಶಬ್ದದಿಂದ ಎಂದು ಬಹಳ ಕಾಲ ನಂಬಿದ್ದೆ. ಯಾರು ಏನು ಹೇಳಿದರೂ ಅದರ ಇನ್ನೊಂದು ಅರ್ಥವೇನು ಎಂದು ಹುಡುಕುವ ಚಟ, ಹೌದು ಅಥವಾ ಇಲ್ಲ ಎಂದು ನೇರವಾಗಿ ಉತ್ತರಿಸಲಾಗದ ದೋಷ, ಕೆಲಸಗಳನ್ನೂ ಊರುಗಳನ್ನೂ ಬದಲಾಯಿಸುತ್ತ ಹೋದದ್ದು, ಎಲ್ಲಕ್ಕೂ ಮೂಲ ಆ ದಂಡೆಯ ಮೇಲಿನ ಫೋನು. ಕಲಿತವನಾಗಿ ನನಗೆ ಗೊತ್ತು: ಅಂಥ ಅಂಗಡಿಗಳು ಬದಲಾಗಲು ನೂರು ಕಾರಣಗಳಿದ್ದವು, ಒಬ್ಬ ಹುಡುಗನ ಮಾತು ಅದರಲ್ಲಿ ಯಾವ ಲೆಕ್ಕಕ್ಕೂ ಇಲ್ಲ. ಗೊತ್ತಿರುವುದರಿಂದ ಏನೂ ಹಗುರಾಗಲಿಲ್ಲ. ಅಪ್ಪ ಹೋದ ಮೇಲೆ ಒಮ್ಮೆ ಕಲ್ಯಾಣದಲ್ಲಿರುವ ಚಿಕ್ಕಪ್ಪನನ್ನು ಕೇಳಿದೆ.

“ಫೋನಾ? ಫೋನು ಗೀನು ಎಂತದೂ ಇಲ್ಲ. ಆ ವಾರ ಲಾರಿಯೇ ಬಂದಿರ್ಲಿಲ್ಲ. ಘಾಟಿಯಲ್ಲಿ ರಸ್ತೆ ಬಂದ್ ಇತ್ತು, ವಾಟತೆ.”

‘ವಾಟತೆ’ ಎಂದರೆ ಮರಾಠಿಯಲ್ಲಿ ‘ಅನ್ನಿಸುತ್ತದೆ’. ಅವನಿಗೂ ಅನ್ನಿಸುತ್ತದೆ ಅಷ್ಟೆ. ಅಂಗಡಿಯನ್ನು ಅವನು ಯಾವಾಗಲೋ ಬಾಡಿಗೆಗೆ ಬಿಟ್ಟ. ಈಗ ಅಲ್ಲಿ ಶಟರು ಅರ್ಧ ಇಳಿದಿರುತ್ತದೆ. ಒಳಗೆ ರ್‍ಯಾಕುಗಳ ತುಂಬ ಸಾಮಾನು, ಹೊರಗೆ ಡೆಲಿವರಿ ಬೈಕಿನ ಹುಡುಗರು ಫೋನು ನೋಡುತ್ತ ನಿಂತಿರುತ್ತಾರೆ. ಗಿರಾಕಿಗಳು ಒಳಗೆ ಬರಬೇಕೆಂದು ಗೋಡೆ ಒಡೆದ ಜಾಗಕ್ಕೆ ಈಗ ಗಿರಾಕಿಗಳನ್ನು ಬಿಡುವುದಿಲ್ಲ. ಹೆಜ್ಜೆಯಿಂದ ಅಳೆಯುವಾಗ ನನಗೂ ಒಬ್ಬ ಬಂದು, ಅಂಕಲ್, ಆ್ಯಪಿನಲ್ಲಿ ಆರ್ಡರ್ ಮಾಡಿ ಎಂದು ಹೇಳಿ ಹೋದ.

ಅಮ್ಮ ಈಗ ಖಾರಘರದಲ್ಲಿ ನಮ್ಮ ಜೊತೆ ಇದ್ದಾಳೆ. ಹದಿನಾಲ್ಕನೇ ಮಾಳಿಗೆ, ಕಿಟಕಿಗೆ ಗುಡ್ಡ ಕಾಣುತ್ತದೆ. ಹೋದ ತಿಂಗಳು ಒಂದು ಬೆಳಿಗ್ಗೆ ಅವಳು ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತು ಹರಿವೆ ಸೊಪ್ಪು ಸೋಸುತ್ತಿದ್ದಳು. ನಾನು ಫೋನಿನಲ್ಲಿ ಸಾಮಾನು ತರಿಸುತ್ತಿದ್ದೆ. ಕುಚ್ಚಲಕ್ಕಿಯ ಚಿತ್ರ ಬೂದುಬಣ್ಣಕ್ಕೆ ತಿರುಗಿತ್ತು.

“ಎಂತ ಹೇಳ್ತದೆ ಅದು?”

“ಸ್ಟಾಕ್ ಇಲ್ಲವಂತೆ.”

“ಅಕ್ಕಿಗೆ ಇಲ್ಲ ಅನ್ಬಾರ್ದು ಮಗ.”

ನಾನು ಯೋಚಿಸಿ ಹೇಳಿದ್ದಲ್ಲ. ಬಾಯಿಂದ ಹೊರಟಿತು.

“ಹಾಗೆ ಅನ್ನದೆಯೇ ಅಲ್ವಾ ಅಮ್ಮ ನಿನ್ನ ಅಡುಗೆಮನೆ ಹೋದದ್ದು? ಆ ದಿನ ಚಿಕ್ಕಪ್ಪನ ಹತ್ರ ಫೋನಿನಲ್ಲಿ ನಾನು ಅಕ್ಕಿ ಇಲ್ಲ ಅಂತ ಹೇಳಿದ್ದಿದ್ರೆ ಗೋಡೆ ಉಳೀತಿತ್ತು.”

ಅಮ್ಮ ಸೊಪ್ಪಿನಿಂದ ತಲೆ ಎತ್ತಿದಳು.

“ನೀನಾ? ನೀನೆಲ್ಲಿ ಫೋನು ತೆಗ್ದದ್ದು? ನೀನು ಕಂಡಿಯ ಹತ್ರ ನಿಂತಿದ್ದಿ, ಪೆನ್ಸಿಲು ಬಾಯಿಗೆ ಹಾಕ್ಕೊಂಡು. ಫೋನು ತೆಗ್ದದ್ದು ನಾನು. ಕೈಯೆಲ್ಲ ಕಾಯಿ. ಅತ್ತಿಗೆ, ಕುಚ್ಚಲಕ್ಕಿ ಉಂಟಾ ಕೇಳಿದ. ತುಂಬಿದೆ ಅಂದೆ. ಸರಿ ಅಂದ.”

“ಅವನಿಗೆ ಅರ್ಥ ಆಗ್ಲಿಲ್ಲ.”

“ಆಗ್ಲಿಲ್ಲ ಅಂತ ನನಗೆ ಆಗ್ಲೇ ಗೊತ್ತಾಯ್ತು. ಅರ್ಥ ಆಗಿದ್ರೆ ಎಷ್ಟು ಮೂಟೆ ಅಂತ ಕೇಳ್ತಿದ್ದ.”

“ಮತ್ತೆ ನೀನು ಯಾಕೆ ಬಿಡಿಸಿ ಹೇಳ್ಲಿಲ್ಲ?”

ಅವಳು ಒಂದು ದಂಟು ಮುರಿದು ನಾರು ಎಳೆದಳು. ಇನ್ನೊಂದು ಮುರಿದಳು.

“ಹನ್ನೊಂದು ವರ್ಷ ಆ ಕಂಡಿಯ ಎದುರು ಬೇಯಿಸಿದ್ದೇನೆ. ಒಂದು ದಿನ ಕೂತು ಉಂಡದ್ದು ನೋಡಿದ್ದೀಯಾ? ಬಂದವರೆಲ್ಲ ನನ್ನ ಪಾತ್ರೆ ನೋಡುವುದು, ನನ್ನ ಮೀನು ಕೇಳುವುದು. ನನಗೊಂದು ಬಾಗಿಲು ಬೇಕಿತ್ತು. ಸದಾ ಬರೆದ ಕಾಗದದಲ್ಲಿ, ಆ ಬಾಡಿಗೆ ಮನೆಯ ಅಡುಗೆಮನೆಗೆ, ಅದು ಇತ್ತು. ಸಾರು ಬಡಿಸುವಾಗ ಕಂಡಿದ್ದೆ.”

“ಅಪ್ಪನಿಗೆ ಗೊತ್ತಿತ್ತಾ?”

“ಅವರು ಕೇಳ್ಲಿಲ್ಲ.”

ಫೋನಿನ ಪರದೆ ಆರಿಹೋಯಿತು. ಇಷ್ಟು ವರ್ಷ ಹೊತ್ತದ್ದು ನನ್ನದಲ್ಲ ಎಂದರೆ ಏನಾದರೂ ಅನ್ನಿಸಬೇಕು ಎಂದು ಕಾದೆ. ಏನೂ ಅನ್ನಿಸಲಿಲ್ಲ. ಅನ್ನಿಸುವ ಬದಲು ಅಭ್ಯಾಸದಂತೆ ಪರೀಕ್ಷೆಗೆ ತೊಡಗಿದೆ. ನನ್ನ ಕಿವಿಯಲ್ಲಿ ಚಿಕ್ಕಪ್ಪನ ದನಿ ಇದೆ, ನನ್ನ ಬಾಯಿಯಲ್ಲಿ ಆ ಶಬ್ದವಿದೆ. ಅವಳ ಕೈಯಲ್ಲಿ ಕಾಯಿ ಇದೆ. ಎರಡೂ ನಿಜವಾಗಿರಲು ಸಾಧ್ಯವಿಲ್ಲ. ಲಾರಿಯೇ ಬಂದಿರಲಿಲ್ಲ ಎಂದಾದರೆ ಎರಡೂ ಸುಳ್ಳು. ಮಗನ ಭಾರ ಇಳಿಸಲು ಈ ವಯಸ್ಸಿನ ತಾಯಿ ಇಂಥದ್ದೊಂದನ್ನು ಅಲ್ಲಿಯೇ ಕೂತು ಕಟ್ಟಬಲ್ಲಳು. ಪೆನ್ಸಿಲಿನಂಥ ವಿವರವನ್ನೂ ಸೇರಿಸಬಲ್ಲಳು. ಕೇಳಬಾರದು ಎಂದುಕೊಂಡೆ. ಕೇಳಿದೆ.

“ನನ್ನ ಸಮಾಧಾನಕ್ಕೆ ಹೀಗೆ ಹೇಳ್ತಾ ಇದ್ದೀಯಾ ಅಮ್ಮ?”

ಅವಳು ಸೋಸಿದ ಸೊಪ್ಪನ್ನು ಬುಟ್ಟಿಗೆ ಹಾಕಿ, ನಾರನ್ನು ಮುಷ್ಟಿಯಲ್ಲಿ ಹಿಡಿದು ಎದ್ದಳು.

“ನಿನ್ನ ಸಮಾಧಾನಕ್ಕೆ ಎಂತಕ್ಕೆ? ನಾನು ಹೇಳ್ತಾ ಇರುವುದು ನನ್ನ ಅಡುಗೆಮನೆಯ ಸುದ್ದಿ.”